ಮ್ಯೂಟ್ ಆದ ಟೀಮಿಗೆ ಮತ್ತೆ ಮಾತು ಬರಿಸುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಂಬತ್ತು ಜನರ ಟೀಮ್ ನೋಡಿಕೊಳ್ಳುತ್ತೇನೆ. ನಾನೂ ಸೇರಿ ನಾಲ್ವರು ಆಫೀಸಿಗೆ ಬರುತ್ತೇವೆ. ಇಬ್ಬರು ತೀರ್ಥಹಳ್ಳಿ ಕಡೆಯ ತಮ್ಮ ಊರುಗಳಿಂದ, ಒಬ್ಬರು ಹುಬ್ಬಳ್ಳಿಯಿಂದ, ಒಬ್ಬರು ಕಲಬುರಗಿಯಿಂದ ಕೆಲಸ ಮಾಡುತ್ತಾರೆ, ಇನ್ನೊಬ್ಬರು ನ್ಯೂಜೆರ್ಸಿಗೆ ಹೋಗಿದ್ದಾರೆ. ಎಲ್ಲರೂ ಒಂದೇ ಕಡೆ ಇದ್ದಾಗ ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ದಿನದ ಮೀಟಿಂಗು ಈಗ 50 ನಿಮಿಷ ಎಳೆಯುತ್ತದೆ. ನಾನೊಬ್ಬಳೇ ಮಾತಾಡುತ್ತೇನೆ. "ಏನಾದರೂ ಪ್ರಶ್ನೆ ಇದೆಯಾ?" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಒಬ್ಬೊಬ್ಬರೇ ಫೋನ್ ಮಾಡಿ ತಕರಾರು ಹೇಳುತ್ತಾರೆ. ಕ್ಯಾಮೆರಾ ಕಡ್ಡಾಯ ಮಾಡಿದರೆ ಸರಿಹೋದೀತೆ?

ಉತ್ತರ: ಸರಿಹೋಗುವುದಿಲ್ಲ. ಕ್ಯಾಮೆರಾ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ನಿಮ್ಮ ಟೀಮಿನವರಿಗೆ ಹೇಳುವುದು ಬೇಕಾದಷ್ಟಿದೆ, ಅದಕ್ಕೇ ಆಮೇಲೆ ಫೋನ್ ಮಾಡುತ್ತಿದ್ದಾರೆ. ಮೀಟಿಂಗಿನೊಳಗೆ ಅವರಿಗೆ ಮಾತಿನ ಸರದಿ ಸಿಗುತ್ತಿಲ್ಲ, ಅಷ್ಟೇ.

ಎದುರುಬದುರು ಕೂತಾಗ ಸರದಿಯನ್ನು ಯಾರೂ ಹಂಚಬೇಕಾಗಿಲ್ಲ. ಒಬ್ಬರು ಮಾತು ನಿಲ್ಲಿಸುವ ಮುಂಚೆಯೇ ಇನ್ನೊಬ್ಬರು ಉಸಿರೆಳೆದುಕೊಳ್ಳುತ್ತಾರೆ, ಮುಂದಕ್ಕೆ ಬಾಗುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ. ಹತ್ತು ಭಾಷೆಗಳ ಮಾತುಕತೆಯನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು, ಅಂದರೆ 200 ಮಿಲಿಸೆಕೆಂಡ್. ಈಗ ನಿಮ್ಮ ಲೈನ್ ನೋಡಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ದನಿ ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆಗೆ ತೊಂದರೆಯಿಲ್ಲ, 400 ದಾಟಬಾರದು. ವೈಫೈ, ಹಳ್ಳಿಯ ಮೊಬೈಲ್ ನೆಟ್‌ವರ್ಕ್, ಬ್ಲೂಟೂತ್ ಇಯರ್‌ಬಡ್ ಇವೆಲ್ಲ ತಂತಮ್ಮ ಪಾಲಿನ ತಡವನ್ನು ಸೇರಿಸುತ್ತಾ ಹೋಗುತ್ತವೆ. ನೀವು ಮಾತು ನಿಲ್ಲಿಸಿದ್ದು ತೀರ್ಥಹಳ್ಳಿಗೆ ತಿಳಿಯುವಷ್ಟರಲ್ಲಿ ಪಕ್ಕದ ಮೇಜಿನವರು ಬಾಯಿ ತೆರೆದಾಗಿರುತ್ತದೆ. ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತದೆ. "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಎಂದು ಎರಡು ಸಲ ಆಗುತ್ತದೆ. ಮೂರನೇ ಸಲಕ್ಕೆ ಹೊಸಬರು, ದೂರದಲ್ಲಿರುವವರು ಸುಮ್ಮನಾಗುತ್ತಾರೆ.

ಇದರ ಜೊತೆಗೆ ಇನ್ನೊಂದು ನಷ್ಟವಿದೆ. ನಮ್ಮಲ್ಲಿ ಕಥೆ ಹೇಳುವವರು ಕೇಳುವ ಮಕ್ಕಳಿಗೆ "ಹೂಂ ಅನ್ನಬೇಕು" ಎಂದು ಮೊದಲೇ ಕರಾರು ಹಾಕುತ್ತಾರೆ. ಹೂಂಗುಟ್ಟುವವರಿದ್ದರೇ ಹೇಳುವವರಿಗೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಂದಾಜು ಸಿಗುವುದು. ಎಂಟು ಜನ ಮ್ಯೂಟ್‌ನಲ್ಲಿದ್ದರೆ ಒಂದು ಹೂಂ ಕೂಡ ಕೇಳಿಸುವುದಿಲ್ಲ. ಆಗ ಮಾತಾಡುವವರು ಅರ್ಥವಾಗಲಿಲ್ಲವೇನೋ ಎಂದು ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ, ಮತ್ತೊಂದು ಉದಾಹರಣೆ ಕೊಡುತ್ತಾರೆ. ಹತ್ತು ನಿಮಿಷದ ಮಾತು ಮೂವತ್ತು ನಿಮಿಷ ಆಗುವುದು ಹೀಗೆ.

ಹಾಗಾಗಿ ಆನ್‌ಲೈನ್ ಮೀಟಿಂಗಿನಲ್ಲಿ ಸರದಿಯನ್ನು ಯಾರಾದರೂ ಕೈಯಾರೆ ಹಂಚಲೇಬೇಕು. ಅದು ನಿಮ್ಮ ಕೆಲಸ.

ಮೀಟಿಂಗು ಶುರುವಾದ ಕೂಡಲೇ ಮಾತಿನ ಸರದಿಯನ್ನು ಚಾಟ್‌ನಲ್ಲಿ ಬರೆದುಬಿಡಿ. ದೂರದಲ್ಲಿರುವವರು ಮೊದಲು, ಆಫೀಸಿನಲ್ಲಿರುವವರು ನಂತರ, ನೀವು ಎಲ್ಲರಿಗಿಂತ ಕೊನೆಗೆ. ಲೀಡ್ ಮೊದಲೇ ಅಭಿಪ್ರಾಯ ಹೇಳಿದರೆ ಮಿಕ್ಕವರು "ಮೇಡಂ ಹೇಳಿದ್ದೇ ಸರಿ" ಅನ್ನುತ್ತಾರೆ, ಆಮೇಲೆ ಫೋನ್ ಬರುತ್ತದೆ. ಕರೆಯುವಾಗ ಹೆಸರು ಮೊದಲು ಬರಲಿ, ಪ್ರಶ್ನೆ ನಂತರ. ತರಗತಿಯಲ್ಲಿ ಮೇಷ್ಟರು ಇದನ್ನು ತಿರುಗುಮುರುಗು ಮಾಡುತ್ತಾರೆ, ಎಲ್ಲರೂ ಯೋಚಿಸಲಿ ಎಂದು. ಇಲ್ಲಿ ಹೆಸರು ಕೇಳಿಸಿದವರು ಮ್ಯೂಟ್ ತೆಗೆಯಬೇಕು, ಕುಕ್ಕರ್ ಕೂಗುತ್ತಿದ್ದರೆ ಬಾಗಿಲು ಹಾಕಿಕೊಳ್ಳಬೇಕು. ಒಬ್ಬರನ್ನು ಕರೆಯುವಾಗಲೇ ಅವರ ನಂತರ ಯಾರು ಎಂಬುದನ್ನೂ ಹೇಳಿ. ಕೇಳಿದ ಮೇಲೆ ಮನಸ್ಸಿನಲ್ಲಿ ಏಳರವರೆಗೆ ಎಣಿಸಿ. ಏಳು ಸೆಕೆಂಡಿನ ಮೌನ ನಿಮಗೆ ಯುಗದಂತೆ ಅನ್ನಿಸುತ್ತದೆ, ಆದರೆ ಎದುರಿನವರಿಗೆ ಬಟನ್ ಹುಡುಕಿ ವಾಕ್ಯ ಕೂಡಿಸಿಕೊಳ್ಳಲು ಅಷ್ಟು ಬೇಕೇ ಬೇಕು.

"ಏನಾದರೂ ಪ್ರಶ್ನೆ ಇದೆಯಾ?" ಎಂಬ ಮಾತನ್ನು ಪೂರ್ತಿ ಬಿಟ್ಟುಬಿಡಿ. ಇದೆ ಅಂದರೆ ತನಗೆ ಅರ್ಥವಾಗಿಲ್ಲ ಎಂದು ಎಂಟು ಜನರ ಮುಂದೆ ಒಪ್ಪಿಕೊಂಡಂತೆ ಎಂದು ಜನ ಹಿಂಜರಿಯುತ್ತಾರೆ. ಅದರ ಬದಲು ಹೀಗೆ ಕೇಳಿ: "ಶುಕ್ರವಾರದ ರಿಲೀಸ್ ತಡವಾಗುವುದೇ ಆದರೆ ಯಾವ ಕಾರಣಕ್ಕೆ ಆಗಬಹುದು? ಪ್ರತಿಯೊಬ್ಬರೂ ಒಂದೊಂದು ಕಾರಣವನ್ನು ಚಾಟ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಿ. ಎರಡು ನಿಮಿಷ ಟೈಮ್. ನಾನು ಹೇಳಿದಾಗ ಎಲ್ಲರೂ ಒಟ್ಟಿಗೆ ಎಂಟರ್ ಒತ್ತಿ." ಒಟ್ಟಿಗೆ ಒತ್ತುವುದು ಮುಖ್ಯ. ಇಲ್ಲದಿದ್ದರೆ ಸೀನಿಯರ್ ಒಬ್ಬರು ಬರೆದದ್ದನ್ನು ನೋಡಿ ಉಳಿದವರು ತಮ್ಮದನ್ನು ಅಳಿಸಿ "ಅದೇ" ಎಂದು ಹಾಕುತ್ತಾರೆ. ಒಂಬತ್ತು ಸಾಲು ಒಮ್ಮೆಲೇ ಬಂದು ಬಿದ್ದಾಗ, ಯಾರೂ ಬಾಯಿಬಿಟ್ಟು ಹೇಳದ ಒಂದೆರಡು ಸಂಗತಿಗಳು ಅಲ್ಲಿ ಇದ್ದೇ ಇರುತ್ತವೆ. ಚರ್ಚೆಯನ್ನು ಅಲ್ಲಿಂದಲೇ ಶುರುಮಾಡಿ.

ಭಾಷೆಯ ಬಗ್ಗೆ ಒಂದು ಮಾತು. ಟೀಮಿನಲ್ಲಿ ಎಲ್ಲರಿಗೂ ಕನ್ನಡ ಬರುವುದಾದರೆ ಚರ್ಚೆ ಕನ್ನಡದಲ್ಲೇ ನಡೆಯಲಿ, ಬರವಣಿಗೆ ಇಂಗ್ಲಿಷಿನಲ್ಲಿದ್ದರೆ ಸಾಕು. ಇಂಗ್ಲಿಷಿನಲ್ಲಿ ತಪ್ಪಾದೀತು ಎಂದು ಸುಮ್ಮನಿರುವವರು ಪ್ರತಿ ಟೀಮಿನಲ್ಲೂ ಇರುತ್ತಾರೆ. ಮ್ಯೂಟ್ ಬಟನ್ ಅವರಿಗೆ ಒಳ್ಳೆಯ ಮರೆ.

ಇನ್ನು ಆ 50 ನಿಮಿಷಕ್ಕೆ ಬರೋಣ. ಒಂಬತ್ತು ಜನ, 50 ನಿಮಿಷ: ಒಟ್ಟು 450 ನಿಮಿಷ, ಏಳೂವರೆ ಗಂಟೆ. ದಿನಕ್ಕೆ ಒಬ್ಬರ ಇಡೀ ದಿನದ ಕೆಲಸ ಇದರಲ್ಲೇ ಹೋಗುತ್ತಿದೆ. ಹೆಚ್ಚಿನ ಟೀಮುಗಳಲ್ಲಿ ಈ ಹೊತ್ತೆಲ್ಲ ಕಳೆಯುವುದು "ನಾನು ನಿನ್ನೆ ಏನು ಮಾಡಿದೆ" ಎಂದು ಸರದಿಯಲ್ಲಿ ಒಪ್ಪಿಸುವುದರಲ್ಲಿ. ಅದಕ್ಕೆ ದನಿ ಬೇಕಿಲ್ಲ, ಬರೆದರೆ ಸಾಕು. ಬಹಳಷ್ಟು ಸಾಫ್ಟ್‌ವೇರ್ ಟೀಮುಗಳು ಅನುಸರಿಸುವ ಸ್ಕ್ರಮ್ ಎಂಬ ಕೆಲಸದ ಪದ್ಧತಿಯ ಕೈಪಿಡಿ, ಸ್ಕ್ರಮ್ ಗೈಡ್ ಕೂಡ ದಿನದ ಮೀಟಿಂಗಿಗೆ ಕೊಟ್ಟಿರುವುದು 15 ನಿಮಿಷ ಮಾತ್ರ. ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು ಎಂಬ ಮೂರು ಪ್ರಶ್ನೆಗಳನ್ನು ಅದರ 2020ರ ಆವೃತ್ತಿಯಲ್ಲಿ ತೆಗೆದೇ ಹಾಕಿದರು.

ಬೆಳಿಗ್ಗೆ 10:30ರೊಳಗೆ ಎಲ್ಲರೂ ಚಾಟ್‌ನ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದೇ ಮೆಸೇಜಿನ ಕೆಳಗೆ, ಮೂರು ಸಾಲು ಬರೆಯಲಿ: ಮುಗಿದದ್ದು, ಇವತ್ತು ಹಿಡಿದದ್ದು, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಮೂರನೆಯ ಸಾಲಿಗೆ ಒಂದು ನಿಯಮ ಇರಲಿ, ಯಾರಿಂದ ಏನು ಬೇಕು ಎಂಬುದು ಅದರಲ್ಲೇ ಬರಬೇಕು. "ಲಾಗಿನ್‌ನಲ್ಲಿ ಸ್ವಲ್ಪ ಪ್ರಾಬ್ಲಮ್ ಇದೆ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ಟೆಸ್ಟ್ ಸರ್ವರ್‌ನಲ್ಲಿ ಒಟಿಪಿ ಬರುತ್ತಿಲ್ಲ, ಹುಬ್ಬಳ್ಳಿಯವರು ಲಾಗ್ ನೋಡಿಕೊಡಬೇಕು, ಮಧ್ಯಾಹ್ನದೊಳಗೆ ಆಗದಿದ್ದರೆ ನನ್ನ ಟೆಸ್ಟಿಂಗ್ ನಾಳೆಗೆ ಹೋಗುತ್ತದೆ" ಎಂದು ಬರೆದರೆ ಅರ್ಧ ಕೆಲಸ ಅಲ್ಲೇ ಆಯಿತು. 11 ಗಂಟೆಗೆ 15 ನಿಮಿಷ ಸೇರಿ, ಸಿಕ್ಕಿಕೊಂಡಿರುವ ವಿಷಯಗಳನ್ನು ಮಾತ್ರ ಎತ್ತಿಕೊಳ್ಳಿ. ಇಬ್ಬರು ಆಳಕ್ಕಿಳಿದರೆ "ಇದಕ್ಕೆ ನೀವಿಬ್ಬರೇ ಸಾಕು, ಮುಗಿದ ಮೇಲೆ ಲೈನಿನಲ್ಲಿ ಉಳಿಯಿರಿ" ಎಂದು ಮುಂದೆ ಹೋಗಿ. ಯಾರೂ ಸಿಕ್ಕಿಕೊಂಡಿಲ್ಲವಾದರೆ ಅವತ್ತಿನ ಮೀಟಿಂಗನ್ನು ರದ್ದು ಮಾಡಿ, ಸಂಕೋಚ ಬೇಡ.

ಇದು ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಎರಡು ವಾರ ಚೆನ್ನಾಗಿ ನಡೆದು, ಮೂರನೇ ವಾರಕ್ಕೆ "ನಿನ್ನೆಯದ್ದೇ ಮುಂದುವರಿದಿದೆ" ಎಂಬ ಒಂದೇ ಸಾಲಿಗೆ ಇಳಿಯುತ್ತದೆ. ಜನ ಸೋಮಾರಿಗಳಾದರು ಎಂದು ತಿಳಿಯಬೇಡಿ. ತಾವು ಬರೆದದ್ದನ್ನು ಯಾರೂ ಓದುತ್ತಿಲ್ಲ ಎಂದು ಅವರಿಗೆ ಗೊತ್ತಾಗಿದೆ. ಸಿಕ್ಕಿಕೊಂಡ ಪ್ರತಿ ಸಾಲಿಗೂ ಒಂದು ಗಂಟೆಯೊಳಗೆ ನೀವು ಉತ್ತರ ಬರೆಯಬೇಕು, "ನೋಡುತ್ತಿದ್ದೇನೆ, 12ಕ್ಕೆ ಹೇಳುತ್ತೇನೆ" ಎಂದಾದರೂ ಸರಿ. ಬರೆದದ್ದನ್ನೇ ಮೀಟಿಂಗಿನಲ್ಲಿ ಮತ್ತೆ ಓದಿಸುವುದಂತೂ ಬೇಡವೇ ಬೇಡ. ಓದಿಸಿದ ಮಾರನೆಯ ದಿನದಿಂದ ಯಾರೂ ಬರೆಯುವುದಿಲ್ಲ.

ತೀರ್ಮಾನಗಳಿಗೆ ವಾರಕ್ಕೊಂದು ಮೀಟಿಂಗು ಬೇರೆಯೇ ಇರಲಿ, 50 ನಿಮಿಷದ್ದು. ಹಿಂದಿನ ದಿನ ಸಂಜೆ 4ರೊಳಗೆ ಒಂದು ಪುಟ ಎಲ್ಲರಿಗೂ ತಲುಪಲಿ. ಅಜೆಂಡಾದ ಪ್ರತಿ ಸಾಲೂ ಪ್ರಶ್ನೆಯ ರೂಪದಲ್ಲಿರಬೇಕು. "ಪೇಮೆಂಟ್ ಮಾಡ್ಯೂಲ್" ಎಂದಷ್ಟೇ ಬರೆದರೆ ಮಾತು ಊರೆಲ್ಲ ಸುತ್ತುತ್ತದೆ. "ಪೇಮೆಂಟ್ ಮಾಡ್ಯೂಲ್ ಈ ರಿಲೀಸಿಗೆ ಸೇರಬೇಕೆ, ಮುಂದಿನದಕ್ಕೆ ಹೋಗಬೇಕೆ?" ಎಂದರೆ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿರುತ್ತದೆ. ಪ್ರಶ್ನೆಯ ಕೆಳಗೆ ಎರಡು ದಾರಿ, ಒಂದೊಂದಕ್ಕೆ ಎಷ್ಟು ದಿನ ಹಿಡಿಯುತ್ತದೆ, ಯಾರ ಕೆಲಸ ನಿಲ್ಲುತ್ತದೆ ಎಂಬ ವಿವರ ಸಾಕು. ನಿಮ್ಮ ಒಲವು ಯಾವುದಕ್ಕೆ ಎಂದು ಪುಟದಲ್ಲಿ ಬರೆಯಬೇಡಿ. ಒಂದು ಮೀಟಿಂಗಿಗೆ ಇಂಥ ಎರಡು ಪ್ರಶ್ನೆ ಸಾಕು, ಮೂರನೆಯದು ಸೇರಿದರೆ ಯಾವುದೂ ಮುಗಿಯುವುದಿಲ್ಲ.

ಪುಟ ಕಳಿಸಿದರೂ ಜನ ಓದಿರುವುದಿಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳದೆ ಮೊದಲ 8 ನಿಮಿಷವನ್ನು ಓದುವುದಕ್ಕೇ ಇಡಿ. ಎಲ್ಲರೂ ಮ್ಯೂಟ್‌ನಲ್ಲಿ, ಒಂದೇ ಡಾಕ್ಯುಮೆಂಟ್ ತೆರೆದುಕೊಂಡು, ಸಂಶಯವನ್ನು ಅಲ್ಲಲ್ಲೇ ಕಾಮೆಂಟಾಗಿ ಬರೆಯಲಿ. ಅಮೆಜಾನ್ ಕಂಪನಿ 2004ರಲ್ಲಿ ಮೇಲ್ಮಟ್ಟದ ಮೀಟಿಂಗುಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ಬರಹವನ್ನು ಮೀಟಿಂಗಿನಲ್ಲೇ ಕೂತು ಮೌನವಾಗಿ ಓದುವ ರೂಢಿ ತಂದಿತು. ದೂರದಿಂದ ಕೆಲಸ ಮಾಡುವವರಿಗೆ ಇದು ಇನ್ನೂ ಹೆಚ್ಚು ಒಗ್ಗುತ್ತದೆ, ಏಕೆಂದರೆ ಕಾಮೆಂಟ್ ಬರೆಯಲು ಸರದಿಗೆ ಕಾಯಬೇಕಾಗಿಲ್ಲ. ಆಮೇಲೆ ಒಂದೊಂದು ಪ್ರಶ್ನೆಗೆ 15 ನಿಮಿಷ, ಕೊನೆಗೆ ತೀರ್ಮಾನ ಬರೆಯಲು 5 ನಿಮಿಷ. ಒಟ್ಟು 43 ಆಯಿತು. ಉಳಿದ 7 ನಿಮಿಷ ಲೈನ್ ಕಡಿದು ಮತ್ತೆ ಸೇರಿಕೊಳ್ಳುವುದಕ್ಕೆ ಬೇಕಾಗುತ್ತದೆ.

ಆ ಕೊನೆಯ 5 ನಿಮಿಷವನ್ನು ಚರ್ಚೆಗೆ ಬಿಟ್ಟುಕೊಡಬೇಡಿ. ತೀರ್ಮಾನವನ್ನು ಎಲ್ಲರಿಗೂ ಕಾಣುವಂತೆ ಸ್ಕ್ರೀನ್ ಮೇಲೆ ಟೈಪ್ ಮಾಡಬೇಕು: ಏನು, ಯಾರು, ಯಾವತ್ತಿಗೆ. ಯಾರು ಎಂಬಲ್ಲಿ ಒಬ್ಬರದೇ ಹೆಸರಿರಬೇಕು. "ಟೀಮ್" ಎಂದು ಬರೆದ ಕೆಲಸವನ್ನು ಯಾರೂ ಮಾಡುವುದಿಲ್ಲ. ಬರೆದ ಮೇಲೆ ಆ ಕೆಲಸ ಹೊತ್ತವರೇ ಅದನ್ನು ತಮ್ಮ ಮಾತಿನಲ್ಲಿ ಒಮ್ಮೆ ಹೇಳಲಿ. "ಅರ್ಥ ಆಯ್ತಾ?" ಅಂದರೆ ಎಲ್ಲರೂ "ಆಯ್ತು" ಅನ್ನುತ್ತಾರೆ. ತಿರುಗಿ ಹೇಳಿಸಿದಾಗ ಮಾತ್ರ, ನೀವು ಬುಧವಾರ ಅಂದದ್ದು ಅವರಿಗೆ ಮುಂದಿನ ಬುಧವಾರ ಎಂದು ಕೇಳಿಸಿದ್ದು ಹೊರಬೀಳುತ್ತದೆ.

ನಡೆಸುವುದು, ಬರೆಯುವುದು, ಚಾಟ್ ನೋಡುವುದು ಮೂರನ್ನೂ ನೀವೊಬ್ಬರೇ ಮಾಡಲು ಹೋಗಬೇಡಿ. ಸ್ಕ್ರೀನ್ ಶೇರ್ ಮಾಡಿದವರಿಗೆ ಎತ್ತಿದ ಕೈ, ಬಂದ ಚಾಟ್ ಯಾವುದೂ ಸರಿಯಾಗಿ ಕಾಣುವುದಿಲ್ಲ. ಬರೆಯಲು ಒಬ್ಬರು, ಚಾಟ್ ಮತ್ತು ಎತ್ತಿದ ಕೈಗಳನ್ನು ನೋಡಿ "ಕಲಬುರಗಿಯಿಂದ ಒಂದು ಮಾತಿದೆ" ಎಂದು ನಡುವೆ ಹೇಳಲು ಇನ್ನೊಬ್ಬರು. ವಾರವಾರ ಬದಲಾಗಲಿ. ಬರೆಯುವ ಕೆಲಸ ಯಾವಾಗಲೂ ಟೀಮಿನ ಹೆಣ್ಣುಮಗಳೊಬ್ಬಳ ಪಾಲಿಗೇ ಬರದಂತೆ ನೋಡಿಕೊಳ್ಳಿ. ಹಲವು ಆಫೀಸುಗಳಲ್ಲಿ ಇದು ಯಾರೂ ಹೇಳದೆಯೇ ಹಾಗೆ ಆಗಿಬಿಡುತ್ತದೆ.

ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ ಸಂಗತಿ ಆಫೀಸಿನಲ್ಲಿ ನಾಲ್ವರಿದ್ದೀರಿ ಎಂಬುದು. ನಾಲ್ವರೂ ಒಂದು ಕೋಣೆಯಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೀರಾದರೆ, ಇವತ್ತಿನಿಂದಲೇ ನಿಲ್ಲಿಸಿ. ಮೈಕಿನಿಂದ ಎರಡು ಮೀಟರ್ ಆಚೆ ಕೂತವರ ದನಿ ಗಾಜಿನ ಗೋಡೆಗೆ ಬಡಿದು ಗವಿಯೊಳಗಿಂದ ಬಂದಂತೆ ಕೇಳಿಸುತ್ತದೆ. ನಿಮ್ಮೊಳಗಿನ ಪಿಸುಮಾತು, ನಗು, ಬೋರ್ಡ್ ಮೇಲೆ ಗೀಚಿದ್ದು ಹೊರಗಿನ ಐವರಿಗೆ ತಲುಪುವುದಿಲ್ಲ. ಅವರು ಬೇರೆಯವರ ಮನೆಯ ಜಗಲಿಯಲ್ಲಿ ಕೂತು ಒಳಗಿನ ಮಾತಿಗೆ ಕಿವಿಗೊಟ್ಟಂತೆ ಆಗುತ್ತದೆ. ಒಬ್ಬರು ಹೊರಗಿದ್ದರೂ ಎಲ್ಲರೂ ಹೊರಗಿದ್ದಂತೆಯೇ ಸೇರಬೇಕು: ತಮ್ಮ ತಮ್ಮ ಮೇಜು, ತಮ್ಮ ಲ್ಯಾಪ್‌ಟಾಪ್, ವೈರ್ ಇರುವ ಹೆಡ್‌ಸೆಟ್.

ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡರೆ ಕೀರಲು ಸದ್ದು ಬರುವುದಕ್ಕೂ ಕಾರಣವಿದೆ. ತನ್ನ ಸ್ಪೀಕರಿನಿಂದ ಹೊರಟ ದನಿಯನ್ನು ತನ್ನ ಮೈಕಿನಿಂದ ಅಳಿಸಿಹಾಕುವುದು ಲ್ಯಾಪ್‌ಟಾಪಿಗೆ ಗೊತ್ತು, ಪಕ್ಕದ ಯಂತ್ರದ ಸ್ಪೀಕರಿನಿಂದ ಏನು ಹೊರಟಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಕೋಣೆ ಹಂಚಿಕೊಳ್ಳಲೇಬೇಕಾದರೆ ಒಂದು ಯಂತ್ರದ ಮೈಕ್ ಮತ್ತು ಸ್ಪೀಕರ್ ಮಾತ್ರ ಚಾಲೂ ಇರಲಿ, ಮಿಕ್ಕವುಗಳಲ್ಲಿ ಎರಡನ್ನೂ ಮುಚ್ಚಿ. ಬರೀ ಮ್ಯೂಟ್ ಮಾಡಿದರೆ ಸಾಲದು. ಮೀಟಿಂಗು ಮುಗಿಸಿ ನೀವು ನಾಲ್ವರು ಟೀ ಕುಡಿಯಲು ಹೋದಾಗ ತೀರ್ಮಾನ ಬದಲಾದರೆ, ಅದನ್ನು ಥ್ರೆಡ್‌ನಲ್ಲಿ ಬರೆದು ಉಳಿದ ಐವರ ಮಾತು ಕೇಳುವ ತನಕ ಹಳೆಯ ತೀರ್ಮಾನವೇ ನಿಲ್ಲಬೇಕು.

ತೀರ್ಥಹಳ್ಳಿಯವರಿಗೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ಆರಿಹೋಗುವುದು ರೂಟರ್. ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಕಂಪನಿಯ ಖರ್ಚಿನಲ್ಲಿ ಕೊಡಿಸಿ. ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲೆ ಬರೆದ ವೋಲ್ಟು ಮತ್ತು ಆಂಪಿಯರ್ ನೋಡಿ: ಬಹಳಷ್ಟು ರೂಟರುಗಳು 12 ವೋಲ್ಟಿನವು, ಆದರೆ ಕೆಲವಕ್ಕೆ 1 ಆಂಪಿಯರ್ ಸಾಕು, ಕೆಲವಕ್ಕೆ 2 ಬೇಕು. ಫೈಬರ್ ಲೈನಿನವರ ಮನೆಯಲ್ಲಿ ಗೋಡೆಯ ಮೇಲೆ ಇನ್ನೊಂದು ಡಬ್ಬಿ ಇದ್ದರೆ ಅದಕ್ಕೂ ಕರೆಂಟು ಬೇಕು. ಅದನ್ನು ಮರೆತು ರೂಟರಿಗೆ ಮಾತ್ರ ಯುಪಿಎಸ್ ಹಾಕಿದರೆ ವೈಫೈ ಕಾಣಿಸುತ್ತದೆ, ನೆಟ್ ಇರುವುದಿಲ್ಲ. ಇಷ್ಟೆಲ್ಲ ಮಾಡಿದರೂ ಲೈನ್ ಹೋಗುವ ದಿನಗಳಿರುತ್ತವೆ. ಅದಕ್ಕೊಂದು ಟೀಮಿನ ನಿಯಮ ಮಾಡಿಕೊಳ್ಳಿ. ಲೈನ್ ಹೋದವರು "ಕರೆಂಟ್ ಇಲ್ಲ" ಎಂದು ಒಂದು ಮೆಸೇಜ್ ಹಾಕಿದರೆ ಸಾಕು, ಕ್ಷಮೆ ಕೇಳುವುದು ಬೇಡ. ಎರಡು ನಿಮಿಷ ಕಾದು ಮುಂದಿನ ವಿಷಯಕ್ಕೆ ಹೋಗಿ. ಕೆಲಸ ಹೊರಬೇಕಾದವರೇ ಲೈನಿನಲ್ಲಿ ಇಲ್ಲದಿದ್ದರೆ ಆ ತೀರ್ಮಾನವನ್ನು ಅವತ್ತು ಮಾಡಬೇಡಿ, ಸಂಜೆಯೊಳಗೆ ಫೋನಿನಲ್ಲಿ ಮುಗಿಸಿ.

ನ್ಯೂಜೆರ್ಸಿಯವರನ್ನು ದಿನದ ಮೀಟಿಂಗಿನಿಂದ ಬಿಡಿಸಿಬಿಡಿ. ನಮ್ಮ ಬೆಳಿಗ್ಗೆ 11 ಅವರಿಗೆ ನಡುರಾತ್ರಿ ದಾಟಿದ ಹೊತ್ತು. ಅವರು ತಮ್ಮ ಸಂಜೆ ಕೆಲಸ ಮುಗಿಸುವಾಗ ಮೂರು ಸಾಲು ಬರೆದರೆ ನಿಮಗೆ ಬೆಳಿಗ್ಗೆ ಎದ್ದಾಗ ಸಿಗುತ್ತದೆ. ವಾರದ ಮೀಟಿಂಗು ನಮ್ಮ ಸಂಜೆ 6:30ಕ್ಕಾದರೆ ಅವರ ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 9. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಗ ಅದೇ ಮೀಟಿಂಗು ಅವರಿಗೆ ಬೆಳಿಗ್ಗೆ 8. ಮಾರ್ಚಿನ ಎರಡನೇ ಭಾನುವಾರ ಮತ್ತೆ 9ಕ್ಕೆ ಬರುತ್ತದೆ. ಕ್ಯಾಲೆಂಡರಿನಲ್ಲಿ ಮೀಟಿಂಗನ್ನು ಯಾವ ಊರಿನ ಸಮಯಕ್ಕೆ ಕಟ್ಟಿದ್ದೀರಿ ಎಂದು ಈಗಲೇ ನೋಡಿ. ಅವರ ಸಮಯಕ್ಕೆ ಕಟ್ಟಿದ್ದರೆ ನವೆಂಬರಿನಲ್ಲಿ ನಿಮ್ಮ 6:30 ತಾನಾಗಿಯೇ 7:30 ಆಗುತ್ತದೆ. ಸಂಜೆಯ ಹೊರೆ ಯಾವಾಗಲೂ ಒಂದೇ ಕಡೆ ಬೀಳದಿರಲು, ಒಂದು ವಾರ ಸಂಜೆ 6:30, ಇನ್ನೊಂದು ವಾರ ನಮ್ಮ ಬೆಳಿಗ್ಗೆ 7:30 ಇಡಬಹುದು. ಅದು ಅವರ ಬೇಸಿಗೆಯಲ್ಲಿ ಹಿಂದಿನ ರಾತ್ರಿ 10, ಚಳಿಗಾಲದಲ್ಲಿ 9. ಚಿಕ್ಕ ಮಕ್ಕಳನ್ನು ಶಾಲೆಗೆ ಕಳಿಸುವವರಿದ್ದರೆ ಮೊದಲು ಅವರನ್ನು ಕೇಳಿ.

ಈಗ ಕ್ಯಾಮೆರಾ. ವಿಡಿಯೋ ಮೀಟಿಂಗು ಏಕೆ ದಣಿಸುತ್ತದೆ ಎಂಬುದಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರಲ್ಲಿ ನಾಲ್ಕು ಕಾರಣ ಮುಂದಿಟ್ಟರು: ತೀರಾ ಹತ್ತಿರದಿಂದ ಎಲ್ಲರೂ ದಿಟ್ಟಿಸುತ್ತಿರುವಂತೆ ಕಾಣುವುದು, ತನ್ನ ಮುಖವನ್ನೇ ಹೊತ್ತೆಲ್ಲ ನೋಡುತ್ತಿರುವುದು, ಕೂತಲ್ಲಿಂದ ಕದಲಲಾಗದಿರುವುದು, ಮುಖಭಾವವನ್ನು ಓದಲು ಮತ್ತು ತೋರಿಸಲು ಹೆಚ್ಚಿನ ಶ್ರಮ ಪಡಬೇಕಾಗುವುದು. ಕಡ್ಡಾಯ ಮಾಡಿದರೆ ಈ ನಾಲ್ಕೂ ಸೇರಿಕೊಳ್ಳುತ್ತವೆ, ಮಾತಿನ ಸರದಿ ಮಾತ್ರ ಸಿಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿರುವವರ ಲೆಕ್ಕವೂ ಇದೆ. ಬರೀ ದನಿಗೆ ಸೆಕೆಂಡಿಗೆ 80 ಕಿಲೋಬಿಟ್ ಹಿಡಿದರೆ ಗಂಟೆಗೆ ಹೋಗುವುದಕ್ಕೆ 36 ಎಂಬಿ, ಬರುವುದಕ್ಕೆ 36 ಎಂಬಿ. ವಿಡಿಯೋ ಆನ್ ಆದರೆ ಅದು ಒಂದು ಜಿಬಿ ಮುಟ್ಟಬಹುದು, ಅವರ ದಿನದ ಪ್ಯಾಕ್ ಇರುವುದೇ ಒಂದೂವರೆ ಎರಡು ಜಿಬಿ. ಶುರುವಿನ ಎರಡು ನಿಮಿಷ ನಮಸ್ಕಾರಕ್ಕೆ, ಊರಿನ ಮಳೆ ವಿಚಾರಿಸುವುದಕ್ಕೆ ಕ್ಯಾಮೆರಾ ಇರಲಿ, ಆಮೇಲೆ ಅವರವರ ಇಷ್ಟ. ಇಟ್ಟುಕೊಂಡವರು ತಮ್ಮ ಮುಖ ತಮಗೆ ಕಾಣದಂತೆ ಮಾಡುವ ಸೆಟ್ಟಿಂಗ್ ಹಾಕಿಕೊಂಡರೆ ಸಾಕಷ್ಟು ಆರಾಮ ಸಿಗುತ್ತದೆ. ಒಬ್ಬರ ಜೊತೆ ಕಷ್ಟದ ವಿಷಯ ಮಾತಾಡುವಾಗ ಮಾತ್ರ ಕ್ಯಾಮೆರಾ ಬೇಕೆಂದು ಕೇಳಿಕೊಳ್ಳಿ, ನಿಮ್ಮದೂ ಇರಲಿ.

ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ. ನಾಳೆಯಿಂದ ಎರಡೇ ಮಾಡಿ: ನಾಲ್ವರೂ ಬೇರೆ ಬೇರೆ ಕೂರುವುದು, ಸರದಿ ಬರೆಯುವುದು. ಮುಂದಿನ ವಾರ ಬರವಣಿಗೆಯ ಥ್ರೆಡ್, ಅದರ ಮುಂದಿನ ವಾರ ತೀರ್ಮಾನದ ಮೀಟಿಂಗು. ಜೊತೆಗೆ ಒಂದು ಹಾಳೆಯಲ್ಲಿ ದಿನಾ ಎರಡು ಅಂಕಿ ಬರೆದಿಡಿ: ಸೇರಿದವರಲ್ಲಿ ಎಷ್ಟು ಜನ ಮಾತಾಡಿದರು, ಮೀಟಿಂಗು ಮುಗಿದ ಮೇಲೆ ಎಷ್ಟು ಫೋನ್ ಬಂದವು. ಫೋನ್ ಬಂದಾಗಲೂ ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ "ಇದನ್ನು ನಾಳೆ ನೀವೇ ಎತ್ತುತ್ತೀರಾ, ನಿಮ್ಮ ಹೆಸರು ಹೇಳದೆ ನಾನು ಎತ್ತಲೇ?" ಎಂದು ಕೇಳಿ. ಒಂದು ತಿಂಗಳಲ್ಲಿ ಎರಡನೆಯ ಅಂಕಿ ಇಳಿಯಬೇಕು. ಎಲ್ಲರ ಫೋನೂ ನಿಂತು ಒಬ್ಬರದು ಮಾತ್ರ ಬರುತ್ತಲೇ ಇದ್ದರೆ, ಮೀಟಿಂಗನ್ನು ಮತ್ತೆ ತಿದ್ದಲು ಹೋಗಬೇಡಿ. ಅವರಿಗಾಗಿ ಅರ್ಧ ಗಂಟೆ ಬೇರೆಯೇ ಇಟ್ಟು, ಟೀಮಿನಲ್ಲಿ ಯಾರೆದುರು ಮಾತಾಡಲು ಕಷ್ಟವಾಗುತ್ತಿದೆ ಎಂದು ಕೇಳಿ.